ಹಾಲು ಹಾಕಿ, ಸಕ್ಕರೆ ಬೇಡ: ಒಂದು ಕಾಫಿ ಆರ್ಡರ್‌ನಲ್ಲಿ ಪೋಲಿಷ್ ವ್ಯಾಕರಣ

ಇವತ್ತು ಒಂದೇ ಒಂದು ವಾಕ್ಯ ಇಟ್ಕೊಂಡು ಮಾತಾಡೋಣ. ಪೋಲೆಂಡ್‌ನ ಯಾವ ಊರಿನ ಯಾವ ಕಾಫಿ ಅಂಗಡಿಗೆ ಹೋದರೂ ಕಿವಿಗೆ ಬೀಳೋ ವಾಕ್ಯ. ಆರೇ ಪದ. ನಿಧಾನಕ್ಕೆ ಹೇಳ್ತೀನಿ, ಕೇಳಿಸ್ಕೊಳ್ಳಿ.

ಪೊಪ್ರೊಷೆ ಕಾವೆ ಜ್ ಮ್ಲೆಕ್ಯೆಮ್, ಬೆಸ್ ತ್ಸುಕ್ರು.

ಅರ್ಥ ಇಷ್ಟೇ: ಒಂದು ಕಾಫಿ ಕೊಡಿ, ಹಾಲು ಹಾಕಿ, ಸಕ್ಕರೆ ಬೇಡ.

ನಾನು ಆರು ವರ್ಷದಿಂದ ಪೋಲೆಂಡ್‌ನ ವ್ರೊತ್ಸ್ವಾಫ್ ಅನ್ನೋ ಊರಲ್ಲಿ ಇದ್ದೀನಿ. ಓದೋಕೆ, ಕೆಲಸಕ್ಕೆ ಅಂತ ಇಲ್ಲಿಗೆ ಬರೋ ನಮ್ಮ ಕಡೆಯ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡ್ತಾರೆ. ರೂಮ್ ಬಾಡಿಗೆ ಎಷ್ಟು, ಚಳಿ ಎಷ್ಟು ಅಂತ ಕೇಳಿದ ಮೇಲೆ ಮೂರನೇ ಪ್ರಶ್ನೆ ಬರುತ್ತೆ: ‘ಪೋಲಿಷ್ ತುಂಬಾ ಕಷ್ಟ ಅಂತೆ, ಏಳು ವಿಭಕ್ತಿ ಇದ್ಯಂತೆ, ಹೌದಾ?’

ಏಳು ಇರೋದು ನಿಜ. ಆದರೆ ಕಷ್ಟ ಅನ್ನೋ ಮಾತು ಎಲ್ಲಿಂದ ಬಂತು ನೋಡಿ. ಅಮೆರಿಕದ ವಿದೇಶಾಂಗ ಇಲಾಖೆಯ ಭಾಷಾ ತರಬೇತಿ ಸಂಸ್ಥೆ ಒಂದು ಲೆಕ್ಕ ಹಾಕಿದೆ. ಪೋಲಿಷ್ ಕಲಿಯೋಕೆ ಸುಮಾರು 1100 ಗಂಟೆ ತರಗತಿ ಬೇಕು ಅಂತ ಆ ಲೆಕ್ಕ ಹೇಳುತ್ತೆ. ಯಾರಿಗೆ? ಇಂಗ್ಲಿಷ್ ಮಾತೃಭಾಷೆ ಆಗಿರೋ ಅಮೆರಿಕನ್ನರಿಗೆ. ಅದೇ ಪಟ್ಟಿಯ ಅದೇ ಗುಂಪಲ್ಲಿ ತಮಿಳು, ತೆಲುಗು ಕೂಡ ಇವೆ. ಅವರಿಗೆ ತೆಲುಗು ಎಷ್ಟು ಕಷ್ಟವೋ ಪೋಲಿಷ್ ಅಷ್ಟೇ ಕಷ್ಟ. ಹಾಗಿದ್ದ ಮೇಲೆ ಅವರ ಕಷ್ಟದ ಲೆಕ್ಕ ನಮಗೆ ಹಾಗೇ ಯಾಕೆ ಅನ್ವಯ ಆಗಬೇಕು?

ನನ್ನ ಮಾತು ಇಷ್ಟೇ. ನಾವು ಪೋಲಿಷ್ ಪುಸ್ತಕ ತೆರೆದ ತಕ್ಷಣ ತಲೆಯಲ್ಲಿ ಇಂಗ್ಲಿಷ್ ಆನ್ ಮಾಡ್ಕೊಳ್ತೀವಿ, ಕನ್ನಡವನ್ನ ಪಕ್ಕಕ್ಕೆ ಇಡ್ತೀವಿ. ಅದನ್ನ ತಿರುಗಿಸಿ. ಇಂಗ್ಲಿಷ್‌ನಲ್ಲಿ ಪದ ಎಲ್ಲಿ ನಿಂತಿದೆ ಅಂತ ನೋಡಬೇಕು. ಪೋಲಿಷ್‌ನಲ್ಲಿ, ಕನ್ನಡದಲ್ಲಿ ಇರೋ ಹಾಗೇ, ಪದದ ಬಾಲ ಕೇಳಬೇಕು. ನನಗೆ ಇದು ಬರೀ ವ್ಯಾಕರಣದ ಖುಷಿ ಅಲ್ಲ, ಮನೆಯಲ್ಲಿ ಒಂದು ಮಗುವಿನ ಜೀವಕ್ಕೆ ಸಂಬಂಧಪಟ್ಟ ವಿಷಯ. ಅದಕ್ಕೆ ಮುಂದೆ ಬರ್ತೀನಿ. ಮೊದಲು ವಾಕ್ಯವನ್ನ ಬಿಡಿಸೋಣ.

ಮೊದಲ ಪದ, ಪೊಪ್ರೊಷೆ. ‘ಕೇಳ್ತೀನಿ’ ಅಂತ ಅರ್ಥ. ಇದರಲ್ಲಿ ‘ನಾನು’ ಎಲ್ಲಿದೆ? ಇಲ್ಲ. ಪೋಲಿಷ್‌ನಲ್ಲಿ ನಾನು ಅನ್ನೋಕೆ ‘ಯಾ’ ಅಂತ ಪದ ಇದೆ, ಆದರೆ ಅದನ್ನ ಹೇಳೋ ಅಗತ್ಯ ಇಲ್ಲ. ಕೊನೆಯ ‘ಎ’ ಸದ್ದೇ ಅದು ನಾನು ಅಂತ ಹೇಳುತ್ತೆ. ನಮ್ಮ ‘ಕೇಳ್ತೀನಿ’ ಪದದ ‘ಈನಿ’ ಮಾಡೋ ಕೆಲಸವೇ ಇದು. ನಾವೇನಾದ್ರೂ ಹೋಟೆಲ್‌ನಲ್ಲಿ ‘ನಾನು ಕಾಫಿ ಕುಡಿತೀನಿ’ ಅಂತ ‘ನಾನು’ ಸೇರಿಸಿ ಒತ್ತಿ ಹೇಳಿದರೆ, ನೀವು ಬೇಕಾದ್ದು ಕುಡೀರಿ, ನನ್ನದು ಮಾತ್ರ ಕಾಫಿ ಅನ್ನೋ ಧ್ವನಿ ಬರುತ್ತಲ್ಲ? ಪೋಲಿಷ್‌ನಲ್ಲೂ ‘ಯಾ’ ಸೇರಿಸಿದರೆ ಅದೇ ಧ್ವನಿ.

ಅದೇ ಕ್ರಿಯಾಪದಕ್ಕೆ ‘ನಾವು’ ಬಂದರೆ ಪೊಪ್ರೊಶಿಮಿ. ಕೇಳಿದ್ರಾ? ಪೊಪ್ರೊಷೆ, ಪೊಪ್ರೊಶಿಮಿ. ಮೊದಲನೆಯದರಲ್ಲಿ ನಾಲಿಗೆ ಹಿಂದಕ್ಕೆ ಮಡಚೋ ಷಟ್ಕೋನದ ಷ, ಎರಡನೆಯದರಲ್ಲಿ ಶಂಖದ ಶ. ಶಾಲೆಯಲ್ಲಿ ಮೇಷ್ಟ್ರು ಈ ಎರಡರ ವ್ಯತ್ಯಾಸಕ್ಕೆ ತಲೆ ಕೆಡಿಸ್ಕೊಂಡಾಗ ನಾವು ನಕ್ಕಿದ್ವಿ. ಇಲ್ಲಿ ಆ ವ್ಯತ್ಯಾಸ ದಿನಾ ಕೆಲಸಕ್ಕೆ ಬರುತ್ತೆ. ಇಂಗ್ಲಿಷ್‌ನವರಿಗೆ ಎರಡೂ ಒಂದೇ ಥರ ಕೇಳಿಸುತ್ತೆ. ನಮ್ಮ ಅಕ್ಷರಮಾಲೆಯಲ್ಲಿ ಇವಕ್ಕೆ ಎರಡು ಬೇರೆ ಮನೆ ಇದೆ.

ಎರಡನೇ ಪದ, ಕಾವೆ. ಕಾಫಿಗೆ ಪೋಲಿಷ್‌ನಲ್ಲಿ ಕಾವಾ. ನಿಘಂಟಿನಲ್ಲಿ ಸಿಗೋದು ಕಾವಾ. ವಾಕ್ಯದಲ್ಲಿ ಮಾತ್ರ ಕಾವೆ ಆಗಿದೆ. ಯಾಕೆ? ಯಾಕಂದ್ರೆ ನಾನು ಕೇಳ್ತಿರೋದು ಅದನ್ನ. ಕಾಫಿ‘ಯನ್ನು’. ದ್ವಿತೀಯಾ ವಿಭಕ್ತಿ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ನೆನಪಿದ್ಯಾ: ಉ, ಅನ್ನು, ಇಂದ, ಗೆ-ಇಗೆ-ಕ್ಕೆ, ದೆಸೆಯಿಂದ, ಅ, ಅಲ್ಲಿ. ಆ ಎರಡನೆಯದು, ‘ಅನ್ನು’. ಇಂಗ್ಲಿಷ್ ಮಾತ್ರ ಗೊತ್ತಿರೋ ವಿದ್ಯಾರ್ಥಿಗೆ ಇಲ್ಲಿ ಟೀಚರ್ ಅರ್ಧ ಗಂಟೆ ವಿವರಿಸಬೇಕು. ನಿಮಗೆ ಒಂದೇ ಪದ ಸಾಕು.

ಆದರೆ ನೀವು ಜಾಣರಾದ್ರೆ ಒಂದು ಪ್ರಶ್ನೆ ಕೇಳ್ತೀರ. ನಾವು ಹೋಟೆಲ್‌ನಲ್ಲಿ ‘ಕಾಫಿಯನ್ನು ಕೊಡಿ’ ಅಂತ ಎಲ್ಲಿ ಹೇಳ್ತೀವಿ? ‘ಒಂದು ಕಾಫಿ ಕೊಡಿ’ ಅಂತೀವಿ, ಅಷ್ಟೇ. ಸರಿಯಾಗಿ ಹಿಡಿದ್ರಿ. ಕನ್ನಡದಲ್ಲಿ ಜೀವ ಇಲ್ಲದ ವಸ್ತುವಿಗೆ ‘ಅನ್ನು’ ಬಿಟ್ಟರೂ ನಡೆಯುತ್ತೆ. ‘ಪುಸ್ತಕ ತಂದೆ’ ಸರಿ. ಆದರೆ ‘ತಮ್ಮ ಕರೆದೆ’ ಅನ್ನೋಕಾಗಲ್ಲ, ‘ತಮ್ಮನ್ನ ಕರೆದೆ’ ಅನ್ನಲೇಬೇಕು. ಜೀವ ಇದ್ರೆ ಬಾಲ ಬೇಕು.

ಪೋಲಿಷ್‌ನಲ್ಲೂ ಇದೇ ಯೋಚನೆ ಇದೆ, ಪುಲ್ಲಿಂಗ ಪದಗಳಲ್ಲಿ. ಹಣ್ಣಿನ ರಸಕ್ಕೆ ಸೊಕ್ ಅಂತಾರೆ. ‘ನನ್ನ ಹತ್ರ ರಸ ಇದೆ’ ಅನ್ನೋಕೆ ಮಾಮ್ ಸೊಕ್. ಪದ ಬದಲಾಗಲಿಲ್ಲ. ಅಣ್ಣ ಅಥವಾ ತಮ್ಮನಿಗೆ ಬ್ರಾತ್, ನಮ್ಮ ಸಂಸ್ಕೃತದ ‘ಭ್ರಾತೃ’ವಿನ ದಾಯಾದಿ ಪದ. ‘ನನಗೆ ತಮ್ಮ ಇದ್ದಾನೆ’ ಅನ್ನೋಕೆ ಮಾಮ್ ಬ್ರಾತಾ. ಇಲ್ಲಿ ಬದಲಾಯ್ತು. ರಸಕ್ಕೆ ಜೀವ ಇಲ್ಲ, ತಮ್ಮನಿಗೆ ಇದೆ. ಪೋಲಿಷ್ ಇಂಡೋ-ಯುರೋಪಿಯನ್ ಭಾಷೆ, ಕನ್ನಡ ದ್ರಾವಿಡ ಭಾಷೆ. ರಕ್ತಸಂಬಂಧ ಏನೂ ಇಲ್ಲ. ಆದರೂ ಇಬ್ಬರಿಗೂ ಜೀವ ಇರೋದು, ಇಲ್ಲದ್ದು ಅನ್ನೋ ವ್ಯತ್ಯಾಸ ವ್ಯಾಕರಣಕ್ಕೆ ಬೇಕು ಅನ್ನಿಸಿದೆ. ಕಾವಾ ಸ್ತ್ರೀಲಿಂಗ, ಅದಕ್ಕೇ ಜೀವ ಇಲ್ಲದಿದ್ದರೂ ಕಾವೆ ಆಗುತ್ತೆ. ಅದೊಂದು ಹೆಚ್ಚುವರಿ ನಿಯಮ.

ಬಾಲ ಇದ್ರೆ ಏನು ಲಾಭ? ಪದಗಳನ್ನ ಎಲ್ಲಿ ಬೇಕಾದ್ರೂ ಇಡಬಹುದು. ‘ನಾಯಿ ಬೆಕ್ಕನ್ನ ಅಟ್ಟಿಸ್ಕೊಂಡು ಹೋಗ್ತಿದೆ’, ‘ಬೆಕ್ಕನ್ನ ನಾಯಿ ಅಟ್ಟಿಸ್ಕೊಂಡು ಹೋಗ್ತಿದೆ’, ಎರಡರಲ್ಲೂ ಓಡ್ತಿರೋದು ಬೆಕ್ಕೇ. ಪೋಲಿಷ್‌ನಲ್ಲಿ ಪ್ಯೆಸ್ ಗೊನಿ ಕೊತಾ ಅಂದ್ರೂ, ಕೊತಾ ಗೊನಿ ಪ್ಯೆಸ್ ಅಂದ್ರೂ ಅದೇ ಅರ್ಥ. ಕೊತ್ ಅಂದ್ರೆ ಬೆಕ್ಕು, ಕೊತಾ ಅಂದ್ರೆ ಬೆಕ್ಕನ್ನ. ಇಂಗ್ಲಿಷ್‌ನಲ್ಲಿ ಇದೇ ಆಟ ಆಡಿ ನೋಡಿ, ಬೆಕ್ಕೇ ನಾಯಿಯನ್ನ ಓಡಿಸುತ್ತೆ.

ಈಗ ನಮ್ಮ ವಾಕ್ಯದ ಎರಡನೇ ಅರ್ಧಕ್ಕೆ ಬರೋಣ. ಜ್ ಮ್ಲೆಕ್ಯೆಮ್, ಬೆಸ್ ತ್ಸುಕ್ರು. ಅಸಲಿ ವಿಷಯ ಇರೋದು ಇಲ್ಲಿ.

ಹಾಲಿಗೆ ಮ್ಲೆಕೊ. ‘ಜೊತೆ’ ಅನ್ನೋಕೆ ಏನು ಪದ? ಬರೀ ‘ಜ್’. ಒಂದು ಪೂರ್ತಿ ಅಕ್ಷರವೂ ಅಲ್ಲ, ಜೀಬ್ರಾ ಅನ್ನುವಾಗ ಮೊದಲು ಬರೋ ಸದ್ದು, ಅಷ್ಟೇ. ಅದು ಬಂದ ತಕ್ಷಣ ಮ್ಲೆಕೊ ಹೋಗಿ ಮ್ಲೆಕ್ಯೆಮ್ ಆಗುತ್ತೆ. ಇದು ನಮ್ಮ ತೃತೀಯಾಕ್ಕೆ ಹತ್ತಿರ ಇರೋ ವಿಭಕ್ತಿ. ‘ಚಾಕುವಿನಿಂದ ಬ್ರೆಡ್ ಕತ್ತರಿಸ್ತೀನಿ’ ಅನ್ನುವಾಗ ಆ ‘ಚಾಕುವಿನಿಂದ’ ಅನ್ನೋದಕ್ಕೂ ಪೋಲಿಷ್‌ನಲ್ಲಿ ಇದೇ ಬಾಲ: ನುಶ್ ಅಂದ್ರೆ ಚಾಕು, ನೊಝೆಮ್ ಅಂದ್ರೆ ಚಾಕುವಿನಿಂದ.

ಸಕ್ಕರೆಗೆ ತ್ಸುಕ್ಯೆರ್. ಈ ಪದ ಜರ್ಮನ್‌ನಿಂದ ಪೋಲಿಷ್‌ಗೆ ಬಂತು. ಹಿಂದೆ ಹಿಂದೆ ಹೋದರೆ ಇಟಾಲಿಯನ್, ಅರಬ್ಬಿ, ಕೊನೆಗೆ ಸಂಸ್ಕೃತದ ‘ಶರ್ಕರಾ’ ಸಿಗುತ್ತೆ. ನಮ್ಮ ಸಕ್ಕರೆ ಪ್ರಾಕೃತದ ಮೂಲಕ ಬಂದಿದ್ದೂ ಅದೇ ಮೂಲದಿಂದ. ತ್ಸುಕ್ಯೆರ್, ಸಕ್ಕರೆ ಎರಡೂ ದೂರದ ಸಂಬಂಧಿಗಳು. ‘ಇಲ್ಲದೆ’ ಅನ್ನೋಕೆ ಬೆಜ್. ಮುಂದೆ ತ್ಸ ಸದ್ದು ಬಂದಿದ್ದಕ್ಕೆ ಅದು ಬಾಯಲ್ಲಿ ಬೆಸ್ ಆಗುತ್ತೆ, ನಮ್ಮಲ್ಲಿ ಮಳೆ, ಕಾಲ ಸೇರಿದಾಗ ಮಳೆಗಾಲ ಆದ ಹಾಗೆ, ಪಕ್ಕದ ಸದ್ದಿನ ಪ್ರಭಾವ. ಆಮೇಲೆ ತ್ಸುಕ್ಯೆರ್ ಹೋಗಿ ತ್ಸುಕ್ರು ಆಗಿದೆ. ಇದು ಷಷ್ಠೀ ವಿಭಕ್ತಿ, ನಮ್ಮ ‘ಅ’ ಪ್ರತ್ಯಯ. ಸಕ್ಕರೆಯ ಹೊರತು.

ನಮ್ಮ ಕನ್ನಡದಲ್ಲಿ ‘ನಿನ್ನ ಜೊತೆ’, ‘ನಿನ್ನ ಹೊರತು’. ಎರಡೂ ಕಡೆ ‘ನಿನ್ನ’ ಒಂದೇ. ಮುಂದಿನ ಪದ ಕೇಳಿಸದಿದ್ರೆ ಅವರು ಜೊತೆಗೆ ಬರ್ತಾರೋ ಬಿಟ್ಟು ಹೋಗ್ತಾರೋ ಗೊತ್ತಾಗಲ್ಲ. ಪೋಲಿಷ್‌ನಲ್ಲಿ ನಿನ್ನ ಜೊತೆ ಅಂದ್ರೆ ಸ್ ತೊಬೊಂ, ನಿನ್ನ ಹೊರತು ಅಂದ್ರೆ ಬೆಸ್ ಚ್ಯೆಬ್ಯೆ. ‘ನೀನು’ ಅನ್ನೋದೇ ಎರಡು ಬೇರೆ ರೂಪ. ಅಂದ್ರೆ ಒಂದೇ ಸುದ್ದಿಯನ್ನ ಪೋಲಿಷ್ ಎರಡು ಸಲ ಹೇಳುತ್ತೆ. ಮೊದಲು ಚಿಕ್ಕ ಪದದಲ್ಲಿ, ಆಮೇಲೆ ಬಾಲದಲ್ಲಿ.

ಈಗ ಅದಲುಬದಲು ಮಾಡಿ. ಹಾಲು ಬೇಡ, ಸಕ್ಕರೆ ಬೇಕು: ಬೆಜ್ ಮ್ಲೆಕಾ, ಸ್ ತ್ಸುಕ್ರೆಮ್. ಮ್ಲೆಕ್ಯೆಮ್ ಇದ್ದಿದ್ದು ಮ್ಲೆಕಾ ಆಯ್ತು, ತ್ಸುಕ್ರು ಇದ್ದಿದ್ದು ತ್ಸುಕ್ರೆಮ್ ಆಯ್ತು. ಎಮ್ ಅಂತ ಮುಗಿದ್ರೆ ಕಪ್‌ನಲ್ಲಿ ಇದೆ. ಆ ಅಥವಾ ಉ ಅಂತ ಮುಗಿದ್ರೆ ಕಪ್‌ನಲ್ಲಿ ಇಲ್ಲ.

ಹುಷಾರು, ಆ ‘ಜ್’ಗೆ ಇನ್ನೊಂದು ಅರ್ಥವೂ ಇದೆ. ಅದು ‘ಇಂದ’ ಕೂಡ ಆಗುತ್ತೆ. ಜ್ ಮ್ಲೆಕ್ಯೆಮ್ ಅಂದ್ರೆ ಹಾಲಿನ ಜೊತೆ, ಜ್ ಮ್ಲೆಕಾ ಅಂದ್ರೆ ಹಾಲಿನಿಂದ ಮಾಡಿದ್ದು. ಮುಂದಿರೋ ಪದ ಅದೇ, ಅರ್ಥ ತೀರ್ಮಾನ ಮಾಡಿದ್ದು ಬಾಲ ಮಾತ್ರ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಬೆಳೆಯೋದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ ಅಲ್ವಾ, ಆ ಕಾಫಿಯನ್ನ ಇಲ್ಲಿಯವರಿಗೆ ಪರಿಚಯ ಮಾಡಬೇಕಾದ್ರೆ ಕಾವಾ ಸ್ ಕರ್ನಾತಾಕಿ ಅಂತೀನಿ. ಕರ್ನಾಟಕ ‘ಕರ್ನಾತಾಕಿ’ ಆಗಿದ್ದು ಉಚ್ಚಾರದ ಎಡವಟ್ಟಲ್ಲ, ಅದು ‘ಕರ್ನಾಟಕದಿಂದ’.

ಇಷ್ಟು ಹೊತ್ತು ಸಕ್ಕರೆ, ಹಾಲು ಅಂತ ಇದ್ವಿ. ಅದು ತಪ್ಪಿದ್ರೆ ಏನಾಗುತ್ತೆ, ಒಂದು ಸಿಹಿ ಕಾಫಿ ಕುಡೀತೀರ, ಅಷ್ಟೇ. ಈಗ ಆ ಜಾಗದಲ್ಲಿ ಕಡಲೆಕಾಯಿ ಇಡಿ.

ನನ್ನ ಮಗಳಿಗೆ ಐದು ವರ್ಷ. ಅವಳಿಗೆ ಕಡಲೆಕಾಯಿ ಅಲರ್ಜಿ ಇದೆ. ಸ್ವಲ್ಪ ತುರಿಕೆ ಆಗಿ ಹೋಗೋ ಅಲರ್ಜಿ ಅಲ್ಲ. ತುಟಿ ಊದಿಕೊಳ್ಳುತ್ತೆ, ಗಂಟಲು ಕಟ್ಟುತ್ತೆ. ನನ್ನ ಬ್ಯಾಗ್‌ನಲ್ಲಿ ಯಾವಾಗ್ಲೂ ಅಡ್ರಿನಲಿನ್ ಪೆನ್ ಇರುತ್ತೆ. ಹಾಗಾಗಿ ನಮ್ಮ ಮನೆಯಲ್ಲಿ ‘ಜೊತೆ’ ಮತ್ತು ‘ಇಲ್ಲದೆ’ ಅನ್ನೋ ಎರಡು ಪದಗಳು ಪಠ್ಯಪುಸ್ತಕದ ಪಾಠ ಅಲ್ಲ.

ಕಡಲೆಕಾಯಿಗೆ ಪೋಲಿಷ್‌ನಲ್ಲಿ ಒಝೆಷ್ಕಿ ಝ್ಯೆಮ್ನೆ. ಪದಶಃ ನೆಲದ ಪುಟ್ಟ ಕಾಯಿಗಳು. ನಮ್ಮಲ್ಲೂ ಕೆಲವು ಕಡೆ ನೆಲಗಡಲೆ ಅಂತಾರಲ್ಲ, ಅದೇ ಕಲ್ಪನೆ. ಈಗ ಕೇಳಿ. ಕಡಲೆಕಾಯಿ ಹಾಕಿರೋ ಕೇಕ್ ಜ್ ಒಝೆಷ್ಕಾಮಿ. ಹಾಕದೇ ಇರೋದು ಬೆಜ್ ಒಝೆಷ್ಕುಫ್. ಭಾನುವಾರ ಸಂಜೆ ಕಿಕ್ಕಿರಿದ ಅಂಗಡಿ, ಕಾಫಿ ಮಷೀನ್ ಸುಯ್ಯ್ ಅಂತಿದೆ, ಕೌಂಟರ್ ಹಿಂದಿನ ಹುಡುಗಿ ಮಾಸ್ಕ್ ಹಾಕ್ಕೊಂಡಿದ್ದಾಳೆ. ‘ಜ್’ಗೂ ‘ಬೆಜ್’ಗೂ ನಡುವೆ ಇರೋದು ಒಂದು ಪುಟ್ಟ ‘ಬೆ’. ಆ ಗಲಾಟೆಯಲ್ಲಿ ಅದು ಕಳೆದುಹೋಗೋಕೆ ಎಷ್ಟು ಹೊತ್ತು? ಆದರೆ ಬಾಲ ಕಳೆದುಹೋಗಲ್ಲ. ಆಮಿ, ಉಫ್. ಆಮಿ ಅಂದ್ರೆ ಇದೆ, ದೂರ ಇರು. ಉಫ್ ಅಂದ್ರೆ ಇಲ್ಲ. ಇಂಗ್ಲಿಷ್ ತಲೆಯಲ್ಲಿ ಇಟ್ಕೊಂಡವರು ಮುಂದಿನ ಚಿಕ್ಕ ಪದಕ್ಕಾಗಿ ಕಿವಿ ನಿಮಿರಿಸ್ತಾರೆ. ನಾನು ಕೊನೆಗೆ ಕಿವಿ ಕೊಡ್ತೀನಿ. ಹುಟ್ಟಿದಾಗಿನಿಂದ ‘ಅನ್ನು, ಇಂದ, ಗೆ’ ಕೇಳಿ ಬೆಳೆದ ಕಿವಿ ಅದು.

ಪ್ಯಾಕೆಟ್ ಮೇಲೂ ಇದೇ ಕಥೆ. ಯುರೋಪಿಯನ್ ಒಕ್ಕೂಟದ 2011ರ ಆಹಾರ ಮಾಹಿತಿ ನಿಯಮದ ಪ್ರಕಾರ 14 ಬಗೆಯ ಅಲರ್ಜಿಕಾರಕ ಪದಾರ್ಥಗಳನ್ನ ಪ್ಯಾಕೆಟ್‌ನ ಪಟ್ಟಿಯಲ್ಲಿ ಎದ್ದು ಕಾಣೋ ಹಾಗೆ ಮುದ್ರಿಸಬೇಕು. ಕಡಲೆಕಾಯಿ ಅದರಲ್ಲಿ ಒಂದು. ಪ್ಯಾಕ್ ಮಾಡದ ತಿಂಡಿ ಮಾರೋ ಅಂಗಡಿಯವರೂ ಈ ಮಾಹಿತಿ ಕೊಡಬೇಕು. ಹಾಗಾಗಿ ಕೇಳೋಕೆ ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಆದರೆ ಬರೆದಿರೋದು ಪೋಲಿಷ್‌ನಲ್ಲಿ. ‘ಜಾವ್ಯೆರಾ ಒಝೆಷ್ಕಿ’ ಅಂದ್ರೆ ಕಡಲೆಕಾಯಿ ಇದೆ. ‘ನ್ಯೆ ಜಾವ್ಯೆರಾ ಒಝೆಷ್ಕುಫ್’ ಅಂದ್ರೆ ಇಲ್ಲ. ನಡುವೆ ಇನ್ನೊಂದಿದೆ, ‘ಮೊಝೆ ಜಾವ್ಯೆರಾಚ್ ಒಝೆಷ್ಕಿ’, ಇರಬಹುದು. ಗಮನಿಸಿ, ಇರಬಹುದು ಅನ್ನೋ ವಾಕ್ಯಕ್ಕೆ ‘ಇದೆ’ಯ ಬಾಲವೇ ಇದೆ. ನಮ್ಮ ಮನೆಯ ಪಾಲಿಗೆ ಅದರ ಅರ್ಥವೂ ‘ಇದೆ’ ಅಂತಲೇ.

‘ಇಲ್ಲ’ ಬಂದಾಗ ಪದ ಯಾಕೆ ಬದಲಾಯ್ತು? ಇದು ಪೋಲಿಷ್‌ನ ಸುಂದರವಾದ ನಿಯಮ. ಕರ್ಮಪದ ‘ಅನ್ನು’ ವಿಭಕ್ತಿಯಲ್ಲಿ ಇದ್ದರೆ, ವಾಕ್ಯಕ್ಕೆ ‘ಇಲ್ಲ’ ಸೇರಿದ ತಕ್ಷಣ ಅದು ಷಷ್ಠಿಗೆ ಹೋಗುತ್ತೆ. ಮಾಮ್ ಚಾಸ್, ಸಮಯ ಇದೆ. ನ್ಯೆ ಮಾಮ್ ಚಾಸು, ಸಮಯ ಇಲ್ಲ. ಪೋಲೆಂಡ್‌ನಲ್ಲಿ ಒಂದು ವಾರ ಇದ್ರೂ ಸಾಕು, ಈ ಎರಡನೇ ವಾಕ್ಯ ಎಲ್ಲರ ಬಾಯಲ್ಲೂ ಕೇಳ್ತೀರ. ವ್ಯಾಕರಣದ ಪುಸ್ತಕ ಇದನ್ನ ವಿದ್ಯಾರ್ಥಿಗೆ ಕೊಡೋ ಹಿಂಸೆ ಅನ್ನೋ ಹಾಗೆ ವಿವರಿಸುತ್ತೆ. ಒಂದು ಅಲರ್ಜಿ ಮಗುವಿನ ತಾಯಿಗೆ ಅದು ಎರಡನೇ ಬೀಗ. ಮೊದಲ ಬೀಗ ‘ನ್ಯೆ’, ಅದು ಕೇಳಿಸದಿದ್ರೆ ಬಾಲ. ಇಷ್ಟಾದ ಮೇಲೂ ನಾನು ಬರೀ ಕಿವಿ ನಂಬಲ್ಲ. ಪಟ್ಟಿ ತೋರಿಸಿ ಅಂತೀನಿ, ಓದ್ತೀನಿ, ಮತ್ತೊಮ್ಮೆ ಕೇಳ್ತೀನಿ. ನೀವೂ ಹಾಗೇ ಮಾಡಿ.

ಕನ್ನಡ ಗೊತ್ತಿದ್ರೆ ಪೋಲಿಷ್ ಸಲೀಸು ಅಂತ ನಾನು ಹೇಳ್ತಿಲ್ಲ. ಕನ್ನಡ ಕೈ ಬಿಡೋ ಜಾಗಗಳೂ ಇವೆ.

ಒಂದು, ಲಿಂಗ. ನಮಗೆ ಕಾಫಿ, ಹಾಲು, ಮೇಜು ಎಲ್ಲವೂ ‘ಅದು’. ಪೋಲಿಷ್‌ನಲ್ಲಿ ಕಾಫಿ ಅವಳು, ಸಕ್ಕರೆ ಅವನು, ಹಾಲು ಮಾತ್ರ ಅದು. ಒಂದು ಸಮಾಧಾನ ಇದೆ: ಹಿಂದಿಯ ಹಾಗೆ ಊಹೆ ಮಾಡ್ತಾ ಕೂರಬೇಕಿಲ್ಲ. ಬಹುಪಾಲು ಪದಗಳಲ್ಲಿ ಆ ಅಂತ ಮುಗಿದ್ರೆ ಸ್ತ್ರೀಲಿಂಗ, ವ್ಯಂಜನದಲ್ಲಿ ಮುಗಿದ್ರೆ ಪುಲ್ಲಿಂಗ, ಒ ಅಂತ ಮುಗಿದ್ರೆ ನಪುಂಸಕ. ಅಪವಾದಗಳಿವೆ. ಆದರೆ ಇಲ್ಲೂ ನೋಡಬೇಕಾದ್ದು ಬಾಲವನ್ನೇ.

ಎರಡು, ವಿಶೇಷಣ. ದೊಡ್ಡ ಕಾಫಿ, ದೊಡ್ಡ ಕಾಫಿಯನ್ನ, ದೊಡ್ಡ ಕಾಫಿಗೆ. ನಮ್ಮ ‘ದೊಡ್ಡ’ ಅಲ್ಲಾಡಲ್ಲ. ಪೋಲಿಷ್‌ನ ‘ದೊಡ್ಡ’ ಹಿಂಬಾಲಕನ ಹಾಗೆ: ದುಝಾ ಕಾವಾ, ದುಝೊಂ ಕಾವೆ. ನಾಮಪದ ಬಟ್ಟೆ ಬದಲಿಸಿದ್ರೆ ಅದೂ ಬದಲಿಸುತ್ತೆ.

ಮೂರು, ಎಣಿಕೆ. ನಾವು ಒಂದು ಕಾಫಿ, ಎರಡು ಕಾಫಿ, ಐದು ಕಾಫಿ ಅಂತ ಆರಾಮಾಗಿ ಇರ್ತೀವಿ. ಅಲ್ಲಿ ಒಂದು ಕಾವಾ, ಎರಡು ಮೂರು ನಾಲ್ಕು ಕಾವಿ, ಐದಕ್ಕೆ ಹೋದ್ರೆ ಬಾಲವೇ ಬಿದ್ದು ಕಾಫ್. ಹೌದು, ಐದು ಜನ ಗೆಳೆಯರ ಜೊತೆ ಹೋದ್ರೆ ಪೋಲಿಷ್ ಕಾಫಿ ನಮ್ಮ ಕಾಫಿಗೆ ಹತ್ತಿರ ಬರುತ್ತೆ.

ನಾಲ್ಕು, ಮುಗಿದ ಕೆಲಸ, ಮುಗಿಯದ ಕೆಲಸ. ಪೋಲಿಷ್‌ನಲ್ಲಿ ಹೆಚ್ಚಿನ ಕ್ರಿಯೆಗಳಿಗೆ ಜೋಡಿ ಕ್ರಿಯಾಪದ ಇದೆ. ಪಿಯೆ ಅಂದ್ರೆ ಕುಡೀತಿದ್ದೀನಿ, ವಿಪಿಯೆ ಅಂದ್ರೆ ಕುಡಿದು ಮುಗಿಸ್ತೀನಿ. ಇದಕ್ಕೆ ಕನ್ನಡದಿಂದ ಅರ್ಧ ಸಹಾಯ ಸಿಗುತ್ತೆ. ನಾವೂ ‘ಕುಡೀತೀನಿ’, ‘ಕುಡಿದುಬಿಡ್ತೀನಿ’ ಅಂತ ಬೇರೆ ಮಾಡ್ತೀವಿ. ನಾವು ‘ಬಿಡು’ವನ್ನ ಹಿಂದೆ ಅಂಟಿಸ್ತೀವಿ, ಅವರು ಒಂದು ಉಪಸರ್ಗವನ್ನ ಮುಂದೆ ಅಂಟಿಸ್ತಾರೆ. ನಮ್ಮ ಮೊದಲ ಪದ ಪೊಪ್ರೊಷೆಯಲ್ಲಿರೋ ‘ಪೊ’ ಕೂಡ ಅಂಥದ್ದೇ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ಚತುರ್ಥಿ. ನಮ್ಮ ‘ಗೆ’.

ನಾವು ‘ನಾನು ಚಳಿ’ ಅನ್ನಲ್ಲ, ‘ನನಗೆ ಚಳಿ’ ಅಂತೀವಿ. ಚಳಿ ನನ್ನ ಗುಣ ಅಲ್ಲ, ಅದು ನನಗೆ ಆಗ್ತಿರೋದು. ಪೋಲಿಷ್‌ನಲ್ಲಿ ಝಿಮ್ನೊ ಮಿ. ಝಿಮ್ನೊ ಅಂದ್ರೆ ಚಳಿ, ಮಿ ಅಂದ್ರೆ ನನಗೆ. ನನಗೆ ಚಳಿ, ಅಷ್ಟೇ ವಾಕ್ಯ. ಇಂಗ್ಲಿಷ್ ದಾರಿಯಲ್ಲಿ ಬಂದ ಹುಡುಗಿಯರು ‘ಯೆಸ್ತೆಮ್ ಝಿಮ್ನಾ’ ಅಂದುಬಿಡ್ತಾರೆ. ಅದರ ಅರ್ಥ, ನಾನು ಭಾವನೆಯೇ ಇಲ್ಲದ ತಣ್ಣನೆಯ ಹೆಂಗಸು. ಕನ್ನಡ ದಾರಿಯಲ್ಲಿ ಬಂದರೆ ಈ ಗುಂಡಿಯೇ ಸಿಗಲ್ಲ.

ಇನ್ನೂ ಕೇಳಿ. ಪೊದೊಬಾ ಮಿ ಶೆ, ನನಗೆ ಇಷ್ಟ ಆಗಿದೆ. ನುಜಿ ಮಿ ಶೆ, ನನಗೆ ಬೋರ್ ಆಗ್ತಿದೆ. ಸ್ಮುತ್ನೊ ಮಿ, ನನಗೆ ಬೇಜಾರು. ಹ್ತ್ಸೆ ಮಿ ಶೆ ಸ್ಪಾಚ್, ನನಗೆ ನಿದ್ದೆ ಬರ್ತಿದೆ. ಹಸಿವಿಗೆ ಮಾತ್ರ ಅವರು ‘ನಾನು ಹಸಿದಿದ್ದೀನಿ’ ಅಂತಾರೆ. ಆದರೆ ಮನಸ್ಸಿಗೆ, ಮೈಗೆ ಆಗೋ ಎಷ್ಟೋ ಸಂಗತಿಗಳಿಗೆ ಅವರೂ ನಮ್ಮ ಹಾಗೇ ‘ನನಗೆ’ ಅಂತಾರೆ.

ಮಗಳನ್ನ ಇಲ್ಲಿಯ ಶಿಶುವಿಹಾರಕ್ಕೆ ಸೇರಿಸೋ ಮುಂಚೆ ಅವಳಿಗೆ ನಾನು ಬಾಯಿಪಾಠ ಮಾಡಿಸಿದ ಪೋಲಿಷ್ ವಾಕ್ಯ ‘ನನ್ನ ಹೆಸರು ಇಂಥದ್ದು’ ಅಲ್ಲ. ‘ನ್ಯೆದೊಬ್ಝೆ ಮಿ.’ ನನಗೆ ಹೊಟ್ಟೆ ತೊಳಸ್ತಾ ಇದೆ. ಆಮೇಲೆ ‘ಸ್ವಾಬೊ ಮಿ.’ ನನಗೆ ತಲೆ ಸುತ್ತುತ್ತಿದೆ. ಒಂದು ಮಗು ಈ ಎರಡು ಪದ ಹೇಳಿದ್ರೆ ಟೀಚರ್ ತಕ್ಷಣ ತಿರುಗಿ ನೋಡ್ತಾರೆ. ಅವಳಿಗೆ ನಾನು ವಿವರಿಸಿದ್ದು ಇಷ್ಟೇ: ಪುಟ್ಟಿ, ‘ಮಿ’ ಅಂದ್ರೆ ‘ನಂಗೆ’. ಒಂದೇ ಸಲಕ್ಕೆ ಅರ್ಥ ಆಯ್ತು. ಮನೆಯಲ್ಲಿ ಕನ್ನಡ ಮಾತಾಡಿದ್ರೆ ಮಗು ಪೋಲಿಷ್‌ನಲ್ಲಿ ಹಿಂದೆ ಬೀಳುತ್ತೆ ಅಂತ ನನಗೆ ಬುದ್ಧಿ ಹೇಳಿದವರಿದ್ದಾರೆ. ಅವಳು ಪೋಲಿಷ್‌ನ ‘ನಂಗೆ’ಯನ್ನ ಹಿಡಿದಿದ್ದೇ ಕನ್ನಡದ ‘ನಂಗೆ’ಯಿಂದ.

ಹೆಸರಿನ ಬಗ್ಗೆಯೂ ಒಂದು ಮಾತು. ಪೋಲಿಷ್‌ನಲ್ಲಿ ನಿಮ್ಮ ಹೆಸರಿಗೂ ವಿಭಕ್ತಿ ಹತ್ತುತ್ತೆ. ಕವಿತಾ ಅನ್ನೋರನ್ನ ಹುಡುಕಿದ್ರೆ ಅವರು ಕವಿತಿ, ಅವರನ್ನ ನೋಡಿದ್ರೆ ಕವಿತೆ, ಅವರ ಜೊತೆ ಹೋದ್ರೆ ಕವಿತೊಂ, ಅವರನ್ನ ಕೂಗಿದ್ರೆ ಕವಿತೊ. ನನ್ನ ಹೆಸರು ಕೆಡಿಸಿದ್ರು ಅಂತ ಬೇಜಾರು ಮಾಡ್ಕೋಬೇಡಿ. ನಾವೂ ಕವಿತಾಳನ್ನ, ಕವಿತಾಳಿಗೆ ಅಂತೀವಲ್ಲ. ಅವರ ಭಾಷೆ ನಿಮ್ಮ ಹೆಸರನ್ನ ಒಳಗೆ ಕರ್ಕೊಂಡಿದೆ ಅಂತ ಅರ್ಥ.

ಇದಕ್ಕೆ ಒಂದು ಕಲ್ಲಿನ ಸಾಕ್ಷಿ ವಾರ್ಸಾದಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ನೆಲಕ್ಕೆ ಗಡೀಪಾರಾಗಿದ್ದ ಪೋಲಿಷ್ ಕುಟುಂಬಗಳ ನೂರಾರು ಮಕ್ಕಳು 1942ರಲ್ಲಿ ಭಾರತಕ್ಕೆ ಬಂದರು. ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಅವರಿಗೆ ಜಾಮ್‌ನಗರದ ಹತ್ತಿರ ಬಾಲಾಚಡಿಯಲ್ಲಿ ಆಶ್ರಯ ಕೊಟ್ಟರು. ಮುಂದೆ ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರದ ಬಳಿ ವಳಿವಡೆಯಲ್ಲಿ ಸಾವಿರಾರು ಪೋಲಿಷ್ ನಿರಾಶ್ರಿತರು ವರ್ಷಗಟ್ಟಲೆ ಇದ್ದರು. ಆ ಮಹಾರಾಜರ ನೆನಪಿಗೆ ವಾರ್ಸಾದ ಒಖೋತಾ ಬಡಾವಣೆಯಲ್ಲಿ ಒಂದು ಚೌಕ ಇದೆ. 2024ರ ಆಗಸ್ಟ್‌ನಲ್ಲಿ ಪ್ರಧಾನಿ ಮೋದಿ ಅಲ್ಲಿಗೆ ಹೋಗಿದ್ದ ಸುದ್ದಿ ನೀವು ನೋಡಿರಬಹುದು. ಅದರ ಹೆಸರು: ಸ್ಕ್ವೆರ್ ದೊಬ್ರೆಗೊ ಮಹರಾಜಿ.

ಇವತ್ತು ಕೇಳಿದ್ದೆಲ್ಲ ಈ ಹೆಸರಿನಲ್ಲಿದೆ. ದೊಬ್ರಿ ಅಂದ್ರೆ ಒಳ್ಳೆಯ. ಮಹರಾಜಾ ಯಾರು ಅಂತ ಹೇಳಬೇಕಿಲ್ಲ. ಷಷ್ಠೀ ಬಾಲ ಹತ್ತಿ ಮಹರಾಜಾ ‘ಮಹರಾಜಿ’ ಆಯ್ತು, ಅದನ್ನ ಹಿಂಬಾಲಿಸಿ ದೊಬ್ರಿ ‘ದೊಬ್ರೆಗೊ’ ಆಯ್ತು. ಒಳ್ಳೆಯ ಮಹಾರಾಜನ ಚೌಕ. ನಮ್ಮ ನೆಲದ ಒಂದು ಪದ ಪೋಲಿಷ್ ವಿಭಕ್ತಿ ಹಾಕ್ಕೊಂಡು ಅಲ್ಲಿ ನಿಂತಿದೆ.

ಪೋಲೆಂಡ್‌ಗೆ ಬರೋರಿಗೆ, ಅಥವಾ ಸುಮ್ಮನೆ ಆ್ಯಪ್‌ನಲ್ಲಿ ಕಲೀತಿರೋರಿಗೆ ನನ್ನದೊಂದು ಸಲಹೆ. ಪಟ್ಟಿ ಬಾಯಿಪಾಠ ಮಾಡಬೇಡಿ. ಒಂದು ವಾಕ್ಯ ಹಿಡೀರಿ. ಅದನ್ನ ಮೊದಲು ಕನ್ನಡದಲ್ಲಿ, ಮನೆಯಲ್ಲಿ ಮಾತಾಡೋ ಕನ್ನಡದಲ್ಲಿ ಹೇಳಿ. ಪ್ರತಿ ಪದದ ಬಾಲ ಏನು ಕೆಲಸ ಮಾಡ್ತಿದೆ ನೋಡಿ. ಆಮೇಲೆ ಪೋಲಿಷ್ ವಾಕ್ಯದಲ್ಲಿ ಅದೇ ಕೆಲಸ ಯಾವ ಬಾಲ ಮಾಡ್ತಿದೆ ಅಂತ ಹುಡುಕಿ. ಹೊಂದದ ಕಡೆ ಒಂದು ಗುರುತು ಹಾಕಿ, ಅಷ್ಟು ಮಾತ್ರ ಹೊಸದಾಗಿ ಕಲೀಬೇಕಾದ್ದು. ಈ ವಾರದ ಅಭ್ಯಾಸಕ್ಕೆ ಒಂದು ಕೊಡ್ತೀನಿ. ಚಹಾಕ್ಕೆ ಹೆರ್ಬಾತಾ, ಕಾವಾದ ಹಾಗೇ ಸ್ತ್ರೀಲಿಂಗ. ‘ಒಂದು ಟೀ ಕೊಡಿ, ಸಕ್ಕರೆ ಹಾಕಿ, ಹಾಲು ಬೇಡ’ ಅಂತ ನೀವೇ ಕಟ್ಟಿ. ಬೇಕಾದ ಬಾಲಗಳೆಲ್ಲ ಇವತ್ತೇ ಕೇಳಿದ್ದೀರ.

ಮುಂದಿನ ವಾರ ಸಿಗೋಣ. ಪೋಲಿಷ್‌ನಲ್ಲಿ ಇದಕ್ಕೆ ದೊ ಉಸ್ವಿಷೆನ್ಯಾ ಅಂತಾರೆ, ಮತ್ತೆ ಕೇಳಿಸುವವರೆಗೆ ಅಂತ ಅರ್ಥ. ರೇಡಿಯೊದಲ್ಲಿ, ಫೋನ್‌ನಲ್ಲಿ ವಿದಾಯ ಹೇಳೋಕೆ ಅಂತಲೇ ಇರೋ ಮಾತು ಅದು, ನಮ್ಮ ಪಾಡ್‌ಕಾಸ್ಟ್‌ಗೂ ಸರಿಹೊಂದುತ್ತೆ. ದೊ ಉಸ್ವಿಷೆನ್ಯಾ. ನಮಸ್ಕಾರ.